ಪುಟ್ಟಿಗೆ, ಮೊದಲ ಸಿಂಡಿಕೇಟ್ ಸಭೆಗೆ ಮುಂಚೆ

ಚಿ. ಸೌ. ಪುಟ್ಟಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ನಿನ್ನನ್ನು ವಿಶ್ವವಿದ್ಯಾಲಯದ ಸಿಂಡಿಕೇಟಿಗೆ, ಅಂದರೆ ಆಡಳಿತ ಮಂಡಳಿಗೆ, ನಾಮನಿರ್ದೇಶನ ಮಾಡಿದ ಸರ್ಕಾರಿ ಆದೇಶವನ್ನು ನಿಮ್ಮಮ್ಮ ವಾಟ್ಸಾಪಿನಲ್ಲಿ ಕಳಿಸಿದಳು. ನಿಮ್ಮತ್ತೆ ಅದನ್ನು ಬೀದಿಗೆಲ್ಲ ತೋರಿಸಿ ಬಂದಾಯಿತು. ನನಗೂ ಖುಷಿಯೇ. ಆದರೆ ನಾನು ಆ ಉದ್ದನೆ ಮೇಜಿನ ಹಿಂದೆ, ಗೋಡೆಗೆ ಒತ್ತಿಟ್ಟ ಕುರ್ಚಿಯಲ್ಲಿ ಕೂತು ಹತ್ತೊಂಬತ್ತು ವರ್ಷ ನಡಾವಳಿ ಬರೆದವನು. ನಿನಗೆ ಕಾಣದ್ದು ನನಗೆ ಒಂದಿಷ್ಟು ಕಂಡಿದೆ. ಅದಕ್ಕೇ ಈ ಕಾಗದ.

ಮೈಸೂರು ವಿಶ್ವವಿದ್ಯಾಲಯದ ಆಡಳಿತ ಕಚೇರಿ ಕ್ರಾಫರ್ಡ್ ಹಾಲ್ ಆಗಲಿ, ಧಾರವಾಡದ ವಿಶ್ವವಿದ್ಯಾಲಯ ಆಗಲಿ, ನಿನ್ನ ವಿಶ್ವವಿದ್ಯಾಲಯ ಆಗಲಿ, ಎಲ್ಲದಕ್ಕೂ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆ 2000 ಅನ್ನೋ ಒಂದೇ ಪುಸ್ತಕ. ಮೊದಲು ಸೆನೆಟ್ ಅಂತ ಇನ್ನೊಂದು ದೊಡ್ಡ ಸಭೆ ಇತ್ತು. ಅಲ್ಲಿ ಬಜೆಟ್ ಮೇಲೆ ಕೂಗಾಟ ಆಗುತ್ತಿತ್ತು. ಈ ಕಾಯ್ದೆ ಬಂದ ಮೇಲೆ ಸೆನೆಟ್ ಹೋಯಿತು. ಈಗ ಹಣ, ನೇಮಕ, ಕಟ್ಟಡ, ಕಾಲೇಜುಗಳ ಸಂಯೋಜನೆ (ಅಫಿಲಿಯೇಷನ್), ನೌಕರರ ಮೇಲಿನ ಶಿಸ್ತುಕ್ರಮ ಎಲ್ಲ ಸಿಂಡಿಕೇಟಿನ ಮುಂದೆಯೇ ಬರುತ್ತದೆ. ಕುಲಪತಿಗಳು ಅಧ್ಯಕ್ಷರು, ಕುಲಸಚಿವರು ಕಾರ್ಯದರ್ಶಿ. ಸದಸ್ಯರಾಗಿರೋ ಡೀನ್‌ಗಳು, ಪ್ರಾಂಶುಪಾಲರು ಕುಲಪತಿಗಳ ಕೈಕೆಳಗಿನವರು. ಅವರು ಎಷ್ಟು ಅಂತ ಎದುರು ಮಾತಾಡಿಯಾರು ಹೇಳು. ಕೇಳೋದಿದ್ದರೆ ಹೊರಗಿನಿಂದ ಬಂದ ನಿಮ್ಮಂಥವರೇ ಕೇಳಬೇಕು.

ಅಜೆಂಡಾ ಪುಸ್ತಕ ಮದುವೆ ಆಲ್ಬಮ್ಮಿನಷ್ಟು ದಪ್ಪ ಇರುತ್ತದೆ. ತಡವಾಗಿಯೂ ಬರುತ್ತದೆ. ಅದನ್ನು ಕೊನೆಯಿಂದ ಓದು. ಯಾಕೆ ಅಂದರೆ, ಬೆಳಗ್ಗೆ ಹನ್ನೊಂದಕ್ಕೆ ಸಭೆ ಶುರುವಾದರೆ ಗೌರವ ಡಾಕ್ಟರೇಟಿಗೆ ಯಾರ ಹೆಸರು, ಹೊಸ ಕಟ್ಟಡಕ್ಕೆ ಯಾರ ಹೆಸರು ಅನ್ನೋದರಲ್ಲೇ ಎರಡು ಗಂಟೆ ಕಳೆಯುತ್ತದೆ. ಎಲ್ಲರಿಗೂ ಗೊತ್ತಿರೋ ವಿಷಯ, ಎಲ್ಲರೂ ಮಾತಾಡುತ್ತಾರೆ. ಒಂದೂವರೆ ಆಗುವಾಗ ಪಕ್ಕದ ಕೋಣೆಯಿಂದ ಹೋಳಿಗೆ ವಾಸನೆ ಬರುತ್ತದೆ. ಆಗ ಯಾರೋ ಒಬ್ಬರು, ‘ಉಳಿದವು ರೊಟೀನ್ ಅಲ್ವಾ, ಅನುಮೋದಿಸಿಬಿಡೋಣ’ ಅನ್ನುತ್ತಾರೆ. ಆ ಮೂವತ್ತು ‘ರೊಟೀನ್’ ವಿಷಯಗಳಲ್ಲಿ ತೀರಿಕೊಂಡ ಅಟೆಂಡರ್ ಒಬ್ಬರ ಹೆಂಡತಿಯ ಅನುಕಂಪದ ನೇಮಕಾತಿ ಇರುತ್ತದೆ. ಕೋಟಿ ರೂಪಾಯಿಯ ಉತ್ತರ ಪತ್ರಿಕೆ ಖರೀದಿಯೂ ಇರುತ್ತದೆ.

‘ಘಟನೋತ್ತರ ಮಂಜೂರಾತಿ’ ಅಂತ ಕಂಡರೆ ಪೆನ್ಸಿಲಿನಲ್ಲಿ ಗೀಟು ಹಾಕು. ಕೆಲಸ ಮುಗಿದಿದೆ, ದುಡ್ಡೂ ಹೋಗಿದೆ, ಈಗ ಒಪ್ಪಿಗೆ ಕೊಡಿ ಅಂತ ಅದರ ಅರ್ಥ. ತುರ್ತು ಇದ್ದಾಗ ಕುಲಪತಿಗಳು ತಾವೇ ತೀರ್ಮಾನ ಮಾಡಿ ಆಮೇಲೆ ಸಭೆಗೆ ತಿಳಿಸೋ ಅವಕಾಶ ಕಾಯ್ದೆಯಲ್ಲೇ ಇದೆ, ತಪ್ಪಲ್ಲ. ಆದರೆ ಕುರ್ಚಿ ಕೊಳ್ಳೋದರಲ್ಲಿ ಏನಮ್ಮ ತುರ್ತು? ದೊಡ್ಡ ಖರೀದಿ ಟೆಂಡರ್ ಇಲ್ಲದೆ ನಡೆದಿದ್ದರೆ, ಕೆಟಿಪಿಪಿ ಅನ್ನೋ ಸಾರ್ವಜನಿಕ ಖರೀದಿಯ ಪಾರದರ್ಶಕತೆ ಕಾಯ್ದೆಯ 4(ಜಿ) ವಿನಾಯಿತಿ ಆದೇಶದ ಪ್ರತಿ ಕೇಳು. ಅದನ್ನು ಕೊಡೋದು ಸರ್ಕಾರ, ಸಿಂಡಿಕೇಟ್ ಅಲ್ಲ. ಆ ಕಾಯ್ದೆ ನಿನಗೆ ನಾನು ಹೇಳಿಕೊಡಬೇಕಾ, ವಕೀಲೆ ನೀನು.

ಇನ್ನು ನಡಾವಳಿ. ಇದನ್ನು ಬರೆಯಲೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಒಮ್ಮೆ ಹುಡುಗಿಯರ ಹಾಸ್ಟೆಲಿಗೆ ಇನ್ನೊಂದು ಅಂತಸ್ತು ಕಟ್ಟೋ ವಿಷಯ ಬಂತು. ‘ಹಣಕಾಸು ಸಮಿತಿಯ ಒಪ್ಪಿಗೆಗೆ ಒಳಪಟ್ಟು ಅನುಮೋದಿಸಲಾಯಿತು’ ಅಂತ ಸಭೆ ತೀರ್ಮಾನಿಸಿತು. ನಾನು ಹಾಗೆಯೇ ಟೈಪ್ ಮಾಡಿದೆ. ಸಂಜೆ ಮೇಲಿನವರೊಬ್ಬರು ಕರಡು ತರಿಸಿಕೊಂಡರು. ಮೊದಲ ನಾಲ್ಕು ಪದಕ್ಕೆ ಹಸಿರು ಇಂಕಿನಲ್ಲಿ ಅಡ್ಡಗೆರೆ ಎಳೆದರು. ‘ಇದು ಸುಮ್ನೆ ಉದ್ದ ಆಯ್ತು ಕಣ್ರೀ’ ಅಂದರು. ನಾನು ತೆಗೆದುಹಾಕಿದೆ. ಮಗಳ ಮದುವೆ ಹತ್ತಿರ ಇತ್ತು, ವರ್ಗಾವಣೆ ಭಯ ಇತ್ತು. ಇರಲಿ, ತೆಗೆದದ್ದು ನಾನೇ. ಮುಂದಿನ ಸಭೆಯಲ್ಲಿ ‘ಹಿಂದಿನ ಸಭೆಯ ನಡಾವಳಿ ದೃಢೀಕರಣ’ ಅಂತ ಮೊದಲನೇ ವಿಷಯ. ಕಾಫಿ ಲೋಟ ಇನ್ನೂ ಕೈಯಲ್ಲೇ ಇತ್ತು, ಎಲ್ಲರೂ ‘ಆಯ್ತು ಆಯ್ತು’ ಅಂದರು. ಒಬ್ಬರೂ ಪುಟ ತಿರುಗಿಸಲಿಲ್ಲ. ಕೆಲಸ ಶುರುವಾಯಿತು. ಆಡಿಟ್‌ನವರು ಆಕ್ಷೇಪಣೆ ಎತ್ತಿದರು, ಬಿಲ್ ನಿಂತಿತು. ಕಂಬದ ಮೇಲೆ ಚಾಚಿಕೊಂಡಿದ್ದ ಕಂಬಿಗಳು ಎರಡು ಮಳೆಗಾಲ ತುಕ್ಕು ಹಿಡಿದವು. ಕೆಳಗಡೆ ಒಂದೊಂದು ಕೋಣೆಯಲ್ಲಿ ಆರು ಹುಡುಗಿಯರು. ಅವರು ಬಟ್ಟೆ ಒಣಗಿಹಾಕೋಕೆ ಆ ಕಂಬಿಗಳಿಗೇ ಹಗ್ಗ ಕಟ್ಟಿದ್ದರು. ನಾನು ದಿನಾ ಆ ದಾರಿಯಲ್ಲೇ ಆಫೀಸಿಗೆ ಹೋಗುತ್ತಿದ್ದೆ.

ಹಾಗಾಗಿ ನಿನ್ನದೇ ಒಂದು ನೋಟ್‌ಬುಕ್ ಇಟ್ಟುಕೋ. ಏನು ತೀರ್ಮಾನ ಆಯಿತೋ ಅದನ್ನು ಅಲ್ಲೇ ಬರೆದುಕೋ. ನಡಾವಳಿ ಬಂದಾಗ ತಾಳೆ ನೋಡು. ಒಪ್ಪಿಗೆ ಇಲ್ಲದಿದ್ದರೆ ತಲೆ ಅಲ್ಲಾಡಿಸಿ ಸುಮ್ಮನಾಗಬೇಡ. ನಿನ್ನ ಭಿನ್ನಾಭಿಪ್ರಾಯ ದಾಖಲಾಗಲಿ ಅಂತ ಹೇಳಿ, ಬರೆದೂ ಕೊಡು. ಗೋಡೆ ಪಕ್ಕ ಕೂತು ಬರೆಯೋ ಗುಮಾಸ್ತನಿಗೆ ಅದರಿಂದ ಎಷ್ಟು ಧೈರ್ಯ ಬರುತ್ತೆ ಗೊತ್ತಾ!

ಸಂಯೋಜನೆ ಕೇಳಿದ ಕಾಲೇಜುಗಳನ್ನು ಹೋಗಿ ನೋಡಿ ಬರೋ ಸ್ಥಳೀಯ ವಿಚಾರಣಾ ಸಮಿತಿಗೂ ನಿನ್ನನ್ನು ಹಾಕುತ್ತಾರೆ. ಎಲ್‌ಐಸಿ ಅಂತ ಕರೀತಾರೆ, ವಿಮೆಯಲ್ಲ. ಕಾಲೇಜಿಗೆ ಹೋದರೆ ಶಾಲು, ಹಾರ, ಬಾದಾಮಿ ಹಾಲು. ಮೊದಲು ಲೈಬ್ರರಿಗೆ ಹೋಗಿ ನಾಲ್ಕು ಪುಸ್ತಕ ಬಿಚ್ಚಿ ನೋಡು. ಒಂದು ಕಡೆ ಒಳಪುಟದಲ್ಲಿ ಬೇರೆ ಕಾಲೇಜಿನ ಸೀಲು ಇದ್ದದ್ದು ನಾನೇ ಕಂಡಿದ್ದೇನೆ. ನಮಗೆ ತೋರಿಸೋಕೆ ಅಂತ ಹಿಂದಿನ ರಾತ್ರಿ ತಂದಿಟ್ಟಿದ್ದರಂತೆ.

ಶಿಫಾರಸು ಕೇಳಿಕೊಂಡು ಬರೋರು ಮನೆಯಿಂದಲೇ ಶುರುವಾಗುತ್ತಾರೆ. ನಿಮ್ಮತ್ತೆಯ ತಮ್ಮನ ಮಗ ಅತಿಥಿ ಉಪನ್ಯಾಸಕ ಆಗಬೇಕಂತೆ, ನಿನಗೆ ಹೇಳಿ ಅಂತ ಈಗಾಗಲೇ ನನ್ನ ಹಿಂದೆ ಬಿದ್ದಿದ್ದಾನೆ. ಅರ್ಜಿ ಹಾಕು, ಮೆರಿಟ್ ಪಟ್ಟಿ ನೋಡು ಅಂದೆ. ಅತ್ತೆ ಎರಡು ದಿನದಿಂದ ಮಾತು ಬಿಟ್ಟಿದ್ದಾಳೆ. ನಿನ್ನ ಅವಧಿ ಮೂರು ವರ್ಷ. ಸರ್ಕಾರ ಬದಲಾದರೆ ಅದಕ್ಕೂ ಮುಂಚೆ ಹೋಗಬಹುದು. ಹಬ್ಬಹರಿದಿನಕ್ಕೆ ಮನೆಗೆ ಬರೋ ನೆಂಟರು ಆಮೇಲೂ ಇವರೇ, ಅದು ನಿಜ. ಆದರೂ ನನ್ನ ಹೆಸರು ಹೇಳಿಕೊಂಡು ಯಾರೇ ಬಂದರೂ ವಾಪಸ್ ಕಳಿಸು.

ನನ್ನ ಹಳೆಯ ಕಾಯ್ದೆ ಪುಸ್ತಕ ಕೊರಿಯರ್ ಮಾಡಿದ್ದೇನೆ. ತಿದ್ದುಪಡಿಗಳನ್ನು ಕತ್ತರಿಸಿ ಅಂಟಿಸಿದ್ದೇನೆ. ಗೋಂದು ಬಿಟ್ಟಿದೆ, ಚೀಟಿಗಳು ಉದುರುತ್ತವೆ, ಮೆತ್ತಗೆ ತಿರುಗಿಸು. ನಾನು ನಿವೃತ್ತನಾದ ಮೇಲೆ ಬಂದ ತಿದ್ದುಪಡಿಗಳನ್ನು ನೀನೇ ಸೇರಿಸಿಕೋ.

ಸಭೆ ಮುಗಿದ ದಿನ ಸಂಜೆ ಫೋನ್ ಮಾಡು. ಒಳಗೆ ಏನಾಯಿತು ಅಂತ ನಾನು ಕೇಳೋದಿಲ್ಲ, ನೀನೂ ಹೇಳಬೇಡ. ಹೋಳಿಗೆ ಬೇಳೆಯದೋ ಕಾಯಿಯದೋ ಅಷ್ಟು ಹೇಳಿದರೆ ಸಾಕು.

ಇಂತಿ ನಿನ್ನ ಪ್ರೀತಿಯ
ಮಾವ