ಪಂಚಾಂಗದೊಳಗಿನ ನೋಟೀಸು

ಕೊಪ್ಪ,
14 ಜೂನ್ 2009

ಚಿರಂಜೀವಿ ಪುಟ್ಟಿಗೆ ಮಾವನ ಆಶೀರ್ವಾದಗಳು.

ಮನೆಯ ಸುದ್ದಿಯನ್ನೆಲ್ಲ ನಿನ್ನ ಅಮ್ಮ ವಾರಕ್ಕೆರಡು ಬಾರಿ ಫೋನಿನಲ್ಲಿ ಒಪ್ಪಿಸುತ್ತಾಳೆ, ಅದನ್ನು ಬಿಟ್ಟೆ. ನೀನು ಕಳುಹಿಸಿದ ಜೆರಾಕ್ಸ್ ಪ್ರತಿಗಳು ಗುರುವಾರ ಬಂದವು. ಫ್ಲಾಟಿನ ನಕ್ಷೆ, ಬಿಲ್ಡರ್ ಕೊಟ್ಟ ಬಣ್ಣದ ಪುಸ್ತಕ, ಸಾಲದ ಲೆಕ್ಕ ಎಲ್ಲವನ್ನೂ ಜಗುಲಿಯ ಮೇಲೆ ಹರಡಿಕೊಂಡು ನೋಡಿದೆ. ಈ ಬೆಲೆಗೆ ಈಗ ಕೊಳ್ಳಬಹುದೇ ಎಂದು ಕೇಳಿದ್ದೀಯೆ. ಉತ್ತರ ಬರೆಯಲೆಂದು ಮೂರು ದಿನದಿಂದ ಕೂರುತ್ತೇನೆ, ಏಳುತ್ತೇನೆ. ಕಾರಣ ಫ್ಲಾಟಲ್ಲ, ಪತ್ರದ ಕೊನೆಯಲ್ಲಿ ಅಂಚಿಗೆ ಅಡ್ಡಲಾಗಿ ಬೇರೆ ಪೆನ್ನಿನಲ್ಲಿ ಬರೆದ ಆ ಸಾಲು: ‘ಕೆಲಸ ಹೋದರೆ ಹೇಗೋ ಬದುಕಿಕೊಳ್ಳುತ್ತೇನೆ ಮಾವ, ಆದರೆ ಅಪ್ಪನಿಗೆ ಹೇಗೆ ಹೇಳಲಿ ಎಂದು ನೆನೆದರೆ ನಿದ್ದೆ ಬರುವುದಿಲ್ಲ.’

ಪೆನ್ನು ಬೇರೆ ಎಂದರೆ ಪತ್ರ ಮುಗಿಸಿ, ಎದ್ದು ಹೋಗಿ, ಮತ್ತೆ ಬಂದು ಬರೆದದ್ದು. ಬರೆಯಬಾರದೆಂದುಕೊಂಡು ಬರೆದದ್ದು.

ಸಾಲದ ವಿಷಯ ಮೊದಲು ಮುಗಿಸಿಬಿಡುತ್ತೇನೆ. ಸ್ಟೇಟ್ ಬ್ಯಾಂಕು ಫೆಬ್ರವರಿಯಲ್ಲಿ ಶುರುಮಾಡಿದ ಶೇಕಡ 8ರ ಬಡ್ಡಿಯ ಜಾಹೀರಾತನ್ನು ನಾನೂ ಪೇಪರಿನಲ್ಲಿ ನೋಡಿದೆ. ಆ 8 ಮೊದಲ ವರ್ಷಕ್ಕೆ. ಇಪ್ಪತ್ತು ಲಕ್ಷಕ್ಕೆ ಇಪ್ಪತ್ತು ವರ್ಷವೆಂದರೆ ಕಂತು 16,700 ಚಿಲ್ಲರೆ ಬರುತ್ತದೆ. ಆಮೇಲೆ ಬಡ್ಡಿ ಹತ್ತೂವರೆಗೆ ಹೋಯಿತೆನ್ನು, ಕಂತು ಇಪ್ಪತ್ತು ಸಾವಿರದ ಹತ್ತಿರ ನಿಲ್ಲುತ್ತದೆ. ಹೋದ ಅಕ್ಟೋಬರಿನಲ್ಲಿ 9 ಇದ್ದ ರೆಪೊ ದರವನ್ನು, ಅಂದರೆ ತಾನು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿಯನ್ನು, ರಿಸರ್ವ್ ಬ್ಯಾಂಕು ಏಪ್ರಿಲ್ ಹೊತ್ತಿಗೆ 4.75ಕ್ಕೆ ತಂದಿತು. ಆರು ತಿಂಗಳಲ್ಲಿ ಅಷ್ಟು ಇಳಿದದ್ದು ಅಲ್ಲಿಯೇ ಕೂತಿರುತ್ತದೆಂದು ನಂಬಿ ಲೆಕ್ಕ ಹಾಕಬೇಡ. ಇಪ್ಪತ್ತು ಸಾವಿರವೆಂದೇ ಹಾಕು.

ಈಗ ನನ್ನ ಕಥೆ. ಬೇಲಿಯಾಚೆಯ ತೋಟ ಕೊಂಡೆ, ಕಳೆದೆ ಎಂಬಷ್ಟು ಮನೆಯವರಿಗೆಲ್ಲ ಗೊತ್ತು. ನಡುವೆ ನಡೆದದ್ದು ನಿನ್ನ ಅಮ್ಮನಿಗೂ ಗೊತ್ತಿಲ್ಲ.

1999ರಲ್ಲಿ ಅಡಿಕೆಗೆ ಎಂದೂ ಕಾಣದ ಧಾರಣೆ ಇತ್ತು. ಮರುವರ್ಷ ಕುಸಿಯಿತು. ಪಕ್ಕದ ತೋಟದವರು ಮಗಳ ಮದುವೆಯ ಸಾಲಕ್ಕೆ ಸಿಕ್ಕಿ ಒಂದೂವರೆ ಎಕರೆ ಮಾರಲು ಹೊರಟರು. ಹಿಂದಿನ ವರ್ಷ ಅವರು ಹೇಳುತ್ತಿದ್ದ ಬೆಲೆಯಲ್ಲಿ ಮೂರನೆಯ ಒಂದು ಭಾಗ ಕಡಿಮೆ. ಬಿದ್ದಾಗಲೇ ಕೊಳ್ಳಬೇಕು ಎಂದು ಊರಿಗೆಲ್ಲ ನಾನೇ ಬುದ್ಧಿ ಹೇಳುತ್ತಿದ್ದೆ. ಸೊಸೈಟಿಯಲ್ಲಿ ಸಾಲ ಎತ್ತಿ ಕೊಂಡೆ. ಬಿದ್ದದ್ದು ಇನ್ನೂ ಬೀಳಬಹುದು ಎಂಬುದು ತಲೆಗೆ ಹೊಳೆಯಲಿಲ್ಲ. ಮುಂದಿನ ಕೊಯ್ಲಿಗೆ ಮಂಡಿಯಲ್ಲಿ ಹೇಳಿದ ದರ ಕೇಳಿ ಚೀಲವನ್ನು ಜೀಪಿನಿಂದ ಇಳಿಸದೆಯೇ ವಾಪಸು ತಂದೆ. ತಂದು ಮಾಡುವುದೇನು? ಅಟ್ಟದ ಮೇಲೆ ಇಟ್ಟೆ. ಕಂತಿನ ದಿನ ಅಟ್ಟಕ್ಕೆ ಹೊರಟುಹೋಗುತ್ತದೆಯೇ!

ಸಾಲದ ಮೊದಲ ನೋಟೀಸು ಬಂದಾಗ ನಿನ್ನ ಅತ್ತೆ ಕೊಟ್ಟಿಗೆಯಲ್ಲಿದ್ದಳು. ಅಂಚೆಯವನಿಗೆ ಸಹಿ ಹಾಕಿ, ಮಡಿಸಿ, ಗೋಡೆಗೆ ತೂಗುಹಾಕಿದ್ದ ಪಂಚಾಂಗದೊಳಗೆ ತೂರಿಸಿದೆ. ಅದೆಷ್ಟು ದಡ್ಡತನ ನೋಡು, ಮನೆಯಲ್ಲಿ ಅವಳೊಬ್ಬಳೇ ದಿನವೂ ತೆರೆಯುವ ಪುಸ್ತಕ. ಏನೋ ಅದೃಷ್ಟ, ಅದು ಮುಗಿದುಹೋದ ತಿಂಗಳುಗಳ ಪುಟಗಳ ನಡುವೆ ಸೇರಿತ್ತು. ಎರಡನೆಯ ನೋಟೀಸನ್ನೂ ಅಲ್ಲಿಯೇ ಇಟ್ಟೆ. ಸಾಲದ ಚಿಂತೆಗಿಂತ ಪಂಚಾಂಗದ ಚಿಂತೆಯೇ ದೊಡ್ಡದಾಯಿತು. ಅವಳು ಏಕಾದಶಿ ಯಾವತ್ತು ಎಂದು ಕೇಳಿದರೆ ನಾನೇ ಓಡಿ ಹೋಗಿ ನೋಡಿ ಹೇಳುತ್ತಿದ್ದೆ. ಯುಗಾದಿಗೆ ಹೊಸ ಪಂಚಾಂಗ ಬಂದಾಗ ಹಳೆಯದನ್ನು ಮಗ್ಗಿಪುಸ್ತಕಗಳ ಕೆಳಗೆ ಹೂತೆ.

ನಿನ್ನ ಆ ಅಂಚಿನ ಸಾಲು ಓದಿದಾಗ ನನಗೆ ನೆನಪಾದದ್ದು ಇದು. ಸಾಲ ನನ್ನನ್ನು ಅಷ್ಟು ಬಳಲಿಸಲಿಲ್ಲ, ಪುಟ್ಟಿ.

ಆಗ ವೆನಿಲಾ ಬಂತು. 2000ದ ಚಂಡಮಾರುತ ಮಡಗಾಸ್ಕರ್‌ನ ಬಳ್ಳಿಗಳನ್ನು ಮಲಗಿಸಿದ್ದೇ ನಮ್ಮ ಮಲೆನಾಡಿಗೆ ಭಾಗ್ಯವೆಂದು ಮಾತನಾಡಿಕೊಂಡೆವು. ಗೊಬ್ಬರದ ಗಿಡಕ್ಕೆ ಬಳ್ಳಿ ಹಬ್ಬಿಸಿದೆ. ಮೂರು ವರ್ಷ ಹೂವಿಲ್ಲ. ಹೂ ಬಂದಮೇಲೆ ಅದು ಬೆಳಿಗ್ಗೆ ಅರಳಿ ಮಧ್ಯಾಹ್ನಕ್ಕೆ ಬಾಡುತ್ತದೆ. ಅಷ್ಟರೊಳಗೆ ಒಂದೊಂದು ಹೂವಿನ ನಾಲಗೆಯಂಥ ತೆರೆಯನ್ನು ಕಡ್ಡಿಯಲ್ಲಿ ಎತ್ತಿ, ಪರಾಗವನ್ನು ಹೆಬ್ಬೆರಳಿನಿಂದ ಒತ್ತಬೇಕು. ಅತ್ತೆ ಒಂದು ಬೆಳಗ್ಗೆ ನೂರಾರು ಹೂ ಮುಗಿಸುತ್ತಿದ್ದಳು, ನನ್ನ ಕೈಯಲ್ಲಿ ಅರ್ಧ ಹರಿದೇ ಹೋಗುತ್ತಿತ್ತು. ಹಸಿ ಕೋಡಿಗೆ ಕಿಲೋಗೆ ಮೂರು ಸಾವಿರ ದಾಟಿದೆಯೆಂದು ಕಳ್ಳರ ಭಯಕ್ಕೆ ರಾತ್ರಿಯೆಲ್ಲ ಟಾರ್ಚು ಹಿಡಿದು ತೋಟ ಕಾಯ್ದೆವು. ನಮ್ಮ ಕೋಡು ಬಲಿತು ಕೈಗೆ ಬರುವ ಹೊತ್ತಿಗೆ ನೂರು ರೂಪಾಯಿಗೂ ಕೇಳುವವರಿರಲಿಲ್ಲ. ನೀನು ಒಂದು ಕೋಣೆಯನ್ನು ಬಾಡಿಗೆಗೆ ಕೊಟ್ಟು, ಶನಿವಾರ ಭಾನುವಾರ ಟ್ಯೂಷನ್ ಹೇಳಿ ಕಂತಿಗೆ ಸೇರಿಸುತ್ತೇನೆಂದು ಬರೆದದ್ದನ್ನು ಓದಿ ನನಗೆ ಆ ಟಾರ್ಚಿನ ಬೆಳಕು ಕಂಡಿತು. ಬೇಡವೆನ್ನುತ್ತಿಲ್ಲ. ಟ್ಯೂಷನ್ ಈಗಿನ ಬಾಡಿಗೆ ಮನೆಯಲ್ಲೇ ಶುರುಮಾಡು. ಆರು ತಿಂಗಳು ದುಡ್ಡು ಬಂದದ್ದನ್ನು ಪಾಸ್‌ಬುಕ್ಕಿನಲ್ಲಿ ನೋಡಿದಮೇಲೆ ಲೆಕ್ಕಕ್ಕೆ ಸೇರಿಸು. ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ ಎಂದು ಅತ್ತೆ ಒಳಗಿನಿಂದ ಹೇಳುತ್ತಿದ್ದಾಳೆ, ಅದನ್ನೂ ಸೇರಿಸಿ ಓದಿಕೋ.

ಅವಳಿಗೆ ಗೊತ್ತಾದದ್ದು ಮೂರನೆಯ ನೋಟೀಸಿನ ನಂತರ. ಮಗ್ಗಿಪುಸ್ತಕ ಹುಡುಕುತ್ತಿದ್ದ ಮಗ ಹಳೆಯ ಪಂಚಾಂಗವನ್ನು ಎಳೆದು ಹಾಕಿದ. ಓದಿದಳು. ಕಿರುಚಲಿಲ್ಲ. ‘ಇದನ್ನು ಪಂಚಾಂಗದಲ್ಲಿ ಇಟ್ಟರೆ ಒಳ್ಳೆಯ ಮುಹೂರ್ತ ಬರುತ್ತದೆಯೇ?’ ಎಂದಳು ಅಷ್ಟೆ. ಮರುದಿನ ಬೆಳಗಿನ ಬಸ್ಸಿಗೆ ತವರಿಗೆ ಹೋಗಿ ಅಣ್ಣನನ್ನು ಕರೆದುಕೊಂಡು ಬಂದಳು. ಎರಡೇ ದಿನದಲ್ಲಿ ಕೊಂಡ ತೋಟ ಮಾರುವುದೆಂದು ತೀರ್ಮಾನವಾಯಿತು. ಅಸಲು ಪೂರ್ತಿ ಬರಲಿಲ್ಲ, ಉಳಿದದ್ದಕ್ಕೆ ಅವಳ ಎರಡೆಳೆ ಸರ ಹೋಯಿತು. ಹದಿನಾಲ್ಕು ತಿಂಗಳು ಮುಚ್ಚಿಟ್ಟದ್ದಕ್ಕೆ ಬೆಳೆದ ಬಡ್ಡಿ ಎಷ್ಟೆಂದು ಅವಳು ಕೇಳಿಲ್ಲ, ನಾನು ಹೇಳಿಲ್ಲ. ಸರದ ತೂಕ ಸರಿಸುಮಾರು ಅಷ್ಟೇ ಇತ್ತು.

ನಿನ್ನ ಅಜ್ಜನಿಗೆ ಮಾತ್ರ ಹೇಳಲಿಲ್ಲ. ಮಲಗಿದಲ್ಲಿಂದಲೇ ‘ಕಂತು ಕಟ್ಟಿದೆಯಾ?’ ಎಂದು ಕೇಳುತ್ತಿದ್ದರು, ‘ಕಟ್ಟಿದೆ’ ಎನ್ನುತ್ತಿದ್ದೆ. ತೀರಿಕೊಳ್ಳುವ ವಾರ ಕೇಳುವುದನ್ನು ನಿಲ್ಲಿಸಿದರು. ಗೊತ್ತಾಗಿ ನಿಲ್ಲಿಸಿದರೋ, ಸುಸ್ತಾಗಿಯೋ, ಇವತ್ತಿಗೂ ತಿಳಿಯದು. ಬೇಲಿಯಾಚೆಯ ಆ ತೋಟದಲ್ಲಿ ಬೇರೆಯವರು ಅಡಿಕೆ ಕೊನೆ ಇಳಿಸುವಾಗ ಕತ್ತಿಯ ಸದ್ದು ನಮ್ಮ ಜಗುಲಿಗೆ ಕೇಳುತ್ತದೆ.

ನಮ್ಮೂರಿನ ಹುಡುಗನೊಬ್ಬನ ವಿಷಯ ಹೇಳಬಾರದಿತ್ತು, ಹೇಳುತ್ತೇನೆ. ಬೆಂಗಳೂರಿನಲ್ಲಿ ಜನವರಿಯಲ್ಲಿ ಕೆಲಸ ಹೋಯಿತು. ಊರಿಗೆ ತಿಂಗಳ ಹಣ ತಪ್ಪಲಿಲ್ಲ. ಕ್ರೆಡಿಟ್ ಕಾರ್ಡಿನಿಂದ ತೆಗೆದು ಕಳುಹಿಸುತ್ತಿದ್ದ. ಬೆಳಿಗ್ಗೆ ಬ್ಯಾಗು ಹೆಗಲಿಗೆ ಹಾಕಿಕೊಂಡು ಲಾಲ್‌ಬಾಗಿನಲ್ಲಿ ಕೂತು ಸಂಜೆ ರೂಮಿಗೆ ಬರುತ್ತಿದ್ದನಂತೆ. ಅವನಪ್ಪ ಆ ದುಡ್ಡಿನಲ್ಲಿ ಪಂಪ್‌ಸೆಟ್ಟು ತಂದರು, ಮಗನ ದುಡ್ಡು ಎಂದು ಕುಂಕುಮ ಹಚ್ಚಿ ಪೂಜೆ ಮಾಡಿದರು. ಪೂಜೆಯ ಪ್ರಸಾದ ನಾನೂ ತಿಂದೆ.

ನಿನ್ನಪ್ಪ ಮೇಷ್ಟರು. ಮೂವತ್ತು ವರ್ಷ ಮಕ್ಕಳ ಕಾರಣಗಳನ್ನು ಕೇಳಿದವರು. ಕೆಲಸ ಹೋಯಿತೆಂದರೆ ಒಂದು ದಿನ ಮಾತನಾಡದೆ ಇರುತ್ತಾರೆ, ಮರುದಿನ ಪೆನ್ಸಿಲ್ ಕೆತ್ತಿಕೊಂಡು ಲೆಕ್ಕಕ್ಕೆ ಕೂರುತ್ತಾರೆ. ನನಗಿರುವ ಹೆದರಿಕೆ ಬೇರೆ. ಫ್ಲಾಟು ಕೊಂಡಿದ್ದರೆ ನೀನು ಹೇಳುವುದಿಲ್ಲ. ಗೃಹಪ್ರವೇಶಕ್ಕೆ ಊರೆಲ್ಲ ಬಂದು ಉಂಡು ಹೋದಮೇಲೆ ಹೇಳುವುದು ಇನ್ನೂ ಕಷ್ಟ. ಹಾಗಾಗಿ, ಕೊಳ್ಳುವ ಮೊದಲೇ ಅಪ್ಪನಿಗೆ ಹೇಳು: ಕಚೇರಿಯಲ್ಲಿ ಕೆಲಸ ಕೊಡದೆ ಬೆಂಚಿನ ಮೇಲೆ ಕೂರಿಸಿದ್ದಾರೆ, ನೌಕರಿ ಹೋಗಲೂಬಹುದು ಎಂದು. ಹೇಳಲು ಆಗದಿದ್ದರೆ ಆ ಫ್ಲಾಟು ಈ ವರ್ಷ ಬೇಡ.

ಹೇಳಿ, ಆಮೇಲೂ ಕೊಳ್ಳಬೇಕೆನಿಸಿದರೆ ಒಂದೆರಡು ಮಾತು. ಕಟ್ಟಿ ಮುಗಿದದ್ದನ್ನು ನೋಡು. ಕಂಬ ಎದ್ದು ನಿಂತದ್ದನ್ನು ಕೊಂಡು ಬಾಡಿಗೆಯನ್ನೂ ಕಂತನ್ನೂ ಒಟ್ಟಿಗೆ ಕಟ್ಟುವ ಪಾಡು ಬೇಡ. ಬಿ ಖಾತೆಯದಾದರೆ, ಅಂದರೆ ಪಾಲಿಕೆಯಲ್ಲಿ ಕಾಗದಪತ್ರ ಪೂರ್ತಿ ಸಕ್ರಮವಲ್ಲದ್ದಾದರೆ, ಎಷ್ಟು ಅಗ್ಗವಾದರೂ ಬಿಡು. ಆಸ್ತಿಯ ಮೇಲಿನ ಸಾಲ, ಮಾರಾಟ ತೋರಿಸುವ ಋಣಭಾರ ಪತ್ರ, ಅದೇ ಇಸಿ, ಮೂವತ್ತು ವರ್ಷದ್ದು ತೆಗೆಸು, ಬ್ಯಾಂಕಿನ ವಕೀಲರು ನೋಡಿದ್ದಾರೆ ಎಂದು ಸುಮ್ಮನಾಗಬೇಡ, ಅವರು ಬ್ಯಾಂಕಿನ ಹಿತಕ್ಕೆ ನೋಡುತ್ತಾರೆ. ಕಾವೇರಿ ನೀರು ಬರುತ್ತದೆಯೋ ಟ್ಯಾಂಕರೋ ಎಂಬುದನ್ನು ಬಿಲ್ಡರನ್ನು ಕೇಳಬೇಡ, ವಾಚ್‌ಮನ್‌ನನ್ನು ಕೇಳು. ಎಂಟು ತಿಂಗಳ ಕಂತು ಕೈಯಲ್ಲಿರಲಿ. ಎಂಟೇ ಏಕೆ ಎಂದರೆ ನನಗೆ ಗೊತ್ತಿಲ್ಲ, ಆರು ಸಾಲದು ಅನ್ನಿಸಿತು.

ಮಳೆ ಹಿಡಿದಿದೆ. ಜಗುಲಿಯಲ್ಲಿದ್ದ ಫೋನಿಗೆ ಹದಿನೈದು ಅಡಿ ವಯರು ಎಳೆಸಿ ನನ್ನ ಮಂಚದ ಪಕ್ಕಕ್ಕೆ ತಂದಿಟ್ಟುಕೊಂಡಿದ್ದೇನೆ. ರಾತ್ರಿ ಎಷ್ಟು ಹೊತ್ತಿಗೆ ಮಾಡಿದರೂ ನಾನೇ ಎತ್ತುತ್ತೇನೆ, ಅತ್ತೆಗೆ ಅಲ್ಲಿಗೆ ಕೇಳಿಸದು. ಲೈನು ಸತ್ತಿದ್ದರೆ ಪತ್ರ ಬರೆ. ಹೇಳಬೇಕಾದ್ದನ್ನು ಅಂಚಿನಲ್ಲಿ ಬೇಡ, ಮೊದಲ ಸಾಲಿನಲ್ಲೇ ಬರೆ.

ಇಂತಿ,
ನಿನ್ನ ಮಾವ