ಗಂಗೋತ್ರಿಗೆ ಹೊರಟ ಕಾವ್ಯಳಿಗೆ

ಮಂಡ್ಯ

ಚಿ. ಕಾವ್ಯಳಿಗೆ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ ಆವರಣದಲ್ಲಿ ಇತಿಹಾಸ ಎಂ.ಎ.ಗೆ ಸೀಟು ಸಿಕ್ಕಿದೆ ಅಂತ ನಿಮ್ಮಪ್ಪ ಫೋನ್ ಮಾಡಿದ್ದ. ನಮಗೆಲ್ಲ ಖುಷಿಯಾಯಿತು. ಆದರೆ ನಿನ್ನ ಮುಖ ಮಾತ್ರ ಬಾಡಿದೆಯಂತೆ. ಜೊತೆಯವರೆಲ್ಲ ಬೆಂಗಳೂರಿನ ಖಾಸಗಿ ಕಾಲೇಜುಗಳಿಗೆ ಹೊರಟಿದ್ದಾರೆ, ನಾನೊಬ್ಬಳೇ ಸರ್ಕಾರಿಗೆ ಹೋಗಬೇಕಾ ಅಂದೆಯಂತೆ. ಅದನ್ನು ಕೇಳಿದ ಮೇಲೆ ಬರೆಯದೇ ಇರಲಾಗಲಿಲ್ಲ.

ನಮ್ಮ ಮಂಡ್ಯದವರಿಗೆ ವಿಶ್ವೇಶ್ವರಯ್ಯ ಅಂದರೆ ಕನ್ನಂಬಾಡಿ ಕಟ್ಟೆ, ನಾಲೆ ನೀರು, ಕಬ್ಬು. ಅಲ್ಲಿಗೆ ಮುಗಿಯಿತು. ಆದರೆ ಕಟ್ಟೆ ಇನ್ನೂ ಏಳುತ್ತಿದ್ದ ಹೊತ್ತಿನಲ್ಲೇ, 1916ರ ಜುಲೈ 27ರಂದು, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರು ವಿಶ್ವವಿದ್ಯಾನಿಲಯವೂ ಶುರುವಾಯಿತು. ಆಗಲೂ ದಿವಾನರು ವಿಶ್ವೇಶ್ವರಯ್ಯನವರೇ. ಬ್ರಿಟಿಷರ ನೇರ ಆಳ್ವಿಕೆಯ ಹೊರಗಿದ್ದ ಸಂಸ್ಥಾನವೊಂದು ತನ್ನದೇ ವಿಶ್ವವಿದ್ಯಾನಿಲಯ ಕಟ್ಟಿಕೊಂಡದ್ದು ದೇಶದಲ್ಲೇ ಅದು ಮೊದಲು.

ಕಾಲೇಜುಗಳು ಇದ್ದೇ ಇದ್ದವಲ್ಲ, ಇದೊಂದು ಯಾಕೆ ಬೇಕಿತ್ತು ಅಂತ ನೀನು ಕೇಳಬಹುದು. ಮೈಸೂರಿನ ಮಹಾರಾಜ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು ಎರಡೂ ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು. ಪಾಠ ಇಲ್ಲಿ, ಪರೀಕ್ಷೆ ಅವರದು. ಇಲ್ಲಿಯ ಹುಡುಗರು ಏನು ಓದಬೇಕು ಅನ್ನುವುದು ಮದರಾಸಿನಲ್ಲಿ ತೀರ್ಮಾನವಾಗುತ್ತಿತ್ತು. ಅದು ತಪ್ಪಬೇಕಿತ್ತು. ಬರೀ ಪರೀಕ್ಷೆ ನಡೆಸಿ ಪದವಿ ಹಂಚುವ ಕಚೇರಿ ಸಾಲದು, ಪಾಠವೂ ಸಂಶೋಧನೆಯೂ ಇಲ್ಲೇ ನಡೆಯಬೇಕು ಅನ್ನುವುದು ಕಟ್ಟಿದವರ ಆಸೆ. ಮೊದಲ ಕುಲಪತಿ ಎಚ್.ವಿ. ನಂಜುಂಡಯ್ಯ. ಆಮೇಲೆ ಬಂಗಾಳದಿಂದ ಬಂದ ತತ್ವಜ್ಞಾನಿ ಬ್ರಜೇಂದ್ರನಾಥ ಸೀಲ್.

ಮುಂದೆ ರಾಷ್ಟ್ರಪತಿಯಾದ ರಾಧಾಕೃಷ್ಣನ್ ಇಲ್ಲಿ ಮೇಷ್ಟ್ರಾಗಿದ್ದದ್ದು, ಅವರು ಕಲ್ಕತ್ತಾಗೆ ಹೊರಟಾಗ ಹುಡುಗರೇ ಸಾರೋಟು ಎಳೆದದ್ದು, ಇದನ್ನೆಲ್ಲ ಅಲ್ಲಿ ಎಲ್ಲರೂ ಹೇಳುತ್ತಾರೆ. ಒಳ್ಳೆಯ ಕತೆಯೇ. ಆದರೆ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಪ್ರಚಾರೋಪನ್ಯಾಸಗಳು. 1930ರ ದಶಕದಲ್ಲಿ ವಿಶ್ವವಿದ್ಯಾನಿಲಯದ ಮೇಷ್ಟ್ರುಗಳು ಊರೂರಿಗೆ ಹೋಗಿ ಕನ್ನಡದಲ್ಲಿ ಭಾಷಣ ಮಾಡುತ್ತಿದ್ದರು. ಕಾಲೇಜಿನ ಮೆಟ್ಟಿಲನ್ನೇ ಹತ್ತದವರು ಕೂತು ಕೇಳುತ್ತಿದ್ದರು. ಆ ಭಾಷಣಗಳೇ ಸಣ್ಣ ಸಣ್ಣ ಪುಸ್ತಕಗಳಾಗಿ, ಎಲ್ಲರ ಕೈಗೆ ಎಟುಕುವ ಬೆಲೆಗೆ ಬಂದವು. ವಿಶ್ವವಿದ್ಯಾನಿಲಯದ ಪುಸ್ತಕ ಪ್ರಕಟಿಸುವ ವಿಭಾಗಕ್ಕೆ ಪ್ರಸಾರಾಂಗ ಅಂತ ನೀನು ನೋಡುವ ಬೋರ್ಡಿನ ಹಿಂದೆ ಇಷ್ಟೆಲ್ಲ ಇದೆ. 1946ರಲ್ಲಿ ಇಂಗ್ಲಿಷ್-ಕನ್ನಡ ನಿಘಂಟು ತಂದದ್ದು, ಮುಂದೆ ಕನ್ನಡ ವಿಶ್ವಕೋಶದ ಸಂಪುಟಗಳನ್ನು ತಂದದ್ದು ಇದೇ ವಿಶ್ವವಿದ್ಯಾನಿಲಯ. ಇಲ್ಲೇ ಓದಿ, ಇಲ್ಲೇ ಪಾಠ ಹೇಳಿ, 1956ರಲ್ಲಿ ಇಲ್ಲಿಗೇ ಕುಲಪತಿಯಾದ ಕುವೆಂಪು ವಿಜ್ಞಾನವನ್ನೂ ಕನ್ನಡದಲ್ಲೇ ಹೇಳಿಕೊಡಿ ಅಂತ ಹಟ ಹಿಡಿದರು. ಆ ಹಟ ಪೂರ್ತಿ ಗೆಲ್ಲಲಿಲ್ಲ, ನಿಜ. ನೀನು ಪ್ರಬಂಧ ಬರೆಯುವಾಗ ಒಂದನ್ನಾದರೂ ಕನ್ನಡದಲ್ಲಿ ಬರಿ. ನಿನ್ನ ಅಜ್ಜಿಗೆ ಓದಿ ಹೇಳಿದರೆ ಅರ್ಥವಾಗುವ ಹಾಗಿರಲಿ.

ಇನ್ನೊಂದು. ಇತಿಹಾಸದವಳು ನೀನು, ಓರಿಯಂಟಲ್ ಲೈಬ್ರರಿಗೆ ಹೋಗದೆ ಎಂ.ಎ. ಮುಗಿಸಬೇಡ. 1891ರಲ್ಲಿ ಶುರುವಾದ ಸಂಸ್ಥೆ, ಆಮೇಲೆ ವಿಶ್ವವಿದ್ಯಾನಿಲಯದ ತೆಕ್ಕೆಗೆ ಬಂತು. ಅಲ್ಲಿ ತಾಳೆಗರಿಯ ಕಟ್ಟು ತೋರಿಸಿ ಅಂತ ವಿನಯದಿಂದ ಕೇಳು. ಎರಡು ಹಲಗೆಗಳ ನಡುವೆ ದಾರ ಪೋಣಿಸಿದ ಗರಿಗಳು. ಕಂಟ ಅನ್ನುವ ಚೂಪಾದ ಕಬ್ಬಿಣದ ಕಡ್ಡಿಯಿಂದ ಕೊರೆದ ಅಕ್ಷರ ಮೊದಲಿಗೆ ಬರೀ ಗೀರಿನ ಹಾಗೆ ಇರುತ್ತದೆ, ಮಸಿ ಸವರಿದ ಮೇಲೆ ಸಾಲು ಸಾಲಾಗಿ ಎದ್ದು ಕಾಣುತ್ತದೆ. ಪಂಡಿತರೊಬ್ಬರು ತಂದುಕೊಟ್ಟ ಅಂಥ ಒಂದು ಕಟ್ಟಿನಲ್ಲೇ ಅಲ್ಲಿನ ವಿದ್ವಾಂಸರಾದ ಆರ್. ಶಾಮಶಾಸ್ತ್ರಿಗಳಿಗೆ ಕೌಟಿಲ್ಯನ ಅರ್ಥಶಾಸ್ತ್ರ ಸಿಕ್ಕಿದ್ದು. ಲಿಪಿ ಗ್ರಂಥಲಿಪಿ, ತಮಿಳು ಸೀಮೆಯಲ್ಲಿ ಸಂಸ್ಕೃತ ಬರೆಯಲು ಬಳಸುತ್ತಿದ್ದದ್ದು. ಕಳೆದೇ ಹೋಯಿತು ಅಂದುಕೊಂಡಿದ್ದ ಪುಸ್ತಕ 1909ರಲ್ಲಿ ಮೈಸೂರಿನಿಂದ ಅಚ್ಚಾಗಿ ಬಂತು. ಆ ಲಿಪಿ ಓದಲು ಬಾರದವರ ಕೈಗೆ ಸಿಕ್ಕಿದ್ದರೆ ಅದು ಕಪಾಟಿನಲ್ಲೇ ಇರುತ್ತಿತ್ತು, ಅಲ್ವಾ? ಅದಕ್ಕೇ ಹೇಳುವುದು, ಮೊದಲ ವರ್ಷವೇ ಹಳಗನ್ನಡ ಲಿಪಿ ಕಲಿ. ಶಾಸನ ಓದುವುದು ಕಲಿ. ನೋಟ್ಸು ಜೆರಾಕ್ಸ್ ಮಾಡಿಸಿ ಪಾಸಾಗುವವರು ಬೇಕಾದಷ್ಟು ಜನ ಇದ್ದಾರೆ.

ಅಲ್ಲಿ ಎಲ್ಲವೂ ಚೆನ್ನಾಗಿದೆ ಅಂತ ನಾನು ಹೇಳುವುದಿಲ್ಲ. ಸರ್ಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಖಾಲಿ ಹುದ್ದೆ ಜಾಸ್ತಿ, ಅತಿಥಿ ಉಪನ್ಯಾಸಕರ ಮೇಲೆ ಭಾರ ಜಾಸ್ತಿ. ಫಲಿತಾಂಶ, ಅಂಕಪಟ್ಟಿ ಅಂತ ಅಲೆಯುವುದೂ ಇರುತ್ತದೆ. ಒಂದು ಕಾಲಕ್ಕೆ ಹಳೆ ಮೈಸೂರಿಗೆಲ್ಲ ಇದೊಂದೇ ಇತ್ತು. 1964ರಲ್ಲಿ ಬೆಂಗಳೂರು, 1980ರಲ್ಲಿ ಮಂಗಳೂರು, 1987ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯ ಅಂತ ಕವಲೊಡೆಯಿತು. ಆದರೂ ಬೇರು ಅಲ್ಲೇ ಇದೆ.

ಫೀಸು ಕಡಿಮೆ ಅಂತ ಹಗುರವಾಗಿ ನೋಡಬೇಡ. ನಿನ್ನ ಓದಿಗೆ ಆಗುವ ಖರ್ಚು ಕಡಿಮೆಯಲ್ಲ, ಉಳಿದದ್ದನ್ನು ಬೇರೆಯವರು ಕಟ್ಟುತ್ತಿದ್ದಾರೆ. ಬೆಂಕಿಪೊಟ್ಟಣ ಕೊಳ್ಳುವ ಕೂಲಿಯವಳೂ ತೆರಿಗೆ ಕೊಡುತ್ತಾಳೆ. ಹಾಗಾಗಿ ಕ್ಲಾಸಿನಲ್ಲಿ ಅರ್ಥವಾಗದ್ದನ್ನು ಧೈರ್ಯವಾಗಿ ಕೇಳು. ಮೇಷ್ಟ್ರು ಬಾರದಿದ್ದರೆ ಯಾಕೆ ಅಂತ ಕೇಳುವ ಹಕ್ಕೂ ನಿನಗಿದೆ. ಮರ್ಯಾದೆ ಬಿಡಬೇಡ ಅಷ್ಟೆ.

ದಿನಾ ರೈಲಿನಲ್ಲಿ ಹೋಗಿ ಬರುತ್ತಾಳೆ, ಪಾಸ್ ಮಾಡಿಸುತ್ತೇನೆ ಅಂತ ನಿಮ್ಮಪ್ಪ ಹೇಳುತ್ತಿದ್ದ. ನನಗೆ ಅದು ಸರಿ ಕಾಣಲಿಲ್ಲ. ರೈಲಿಗೆ ಹೊತ್ತಾಯಿತು ಅಂತ ಕ್ಲಾಸು ಮುಗಿದ ತಕ್ಷಣ ಎದ್ದು ಓಡುವವಳಿಗೆ ಲೈಬ್ರರಿ ದಕ್ಕುವುದಿಲ್ಲ. ಹಾಸ್ಟೆಲ್ಲಿಗೆ ಅರ್ಜಿ ಹಾಕು. ಜಾತಿ, ಆದಾಯ ಪ್ರಮಾಣಪತ್ರ ಹಳೆಯದಾಗಿದ್ದರೆ ಈ ವಾರವೇ ನಾಡಕಚೇರಿಗೆ ಹೋಗಿ ಹೊಸದು ಮಾಡಿಸಿಕೋ, ಕೊನೆ ಗಳಿಗೆಯಲ್ಲಿ ಸರ್ವರ್ ಇಲ್ಲ ಅನ್ನುತ್ತಾರೆ. ಅಪ್ಪನ ಹತ್ತಿರ ನಾನೇ ಮಾತಾಡುತ್ತೇನೆ. ಮೆಸ್ ಬಿಲ್ಲಿನ ಅರ್ಧ ನನ್ನದು.

ಇಂತಿ ನಿನ್ನ
ದೊಡ್ಡಪ್ಪ