ಇಸವಿ ತಪ್ಪೀತೆಂದು ಹೆದರಿದ ಮಗಳಿಗೆ

ಮಗಳೇ,

ಮನೆಯ ಸುದ್ದಿ ಫೋನಿನಲ್ಲೇ ಗೊತ್ತಾಗಿರುತ್ತದೆ, ಬಿಡುತ್ತೇನೆ. ಉಡುಪಿ ಹತ್ತಿರದ ಹಳೆಯ ಬಂದರು ಬಾರಕೂರಿನ ಪರಿಚಯ ಬರೆಯಲು ಕೂತವಳು "ಒಂದು ಇಸವಿ ತಪ್ಪಿದರೂ ಊರವರು ಬಿಡಲಿಕ್ಕಿಲ್ಲ, ಬರೆಯುವುದೇ ಬೇಡ ಅನ್ನಿಸುತ್ತಿದೆ" ಅಂದಿದ್ದೀಯಲ್ಲ, ಆ ಸಾಲು ಎರಡು ದಿನದಿಂದ ತಲೆ ಕೊರೆಯುತ್ತಿದೆ.

ಇಸವಿ ತಪ್ಪುವುದು ಹೆಚ್ಚಾಗಿ ಶಾಸನದ ಶಕವರ್ಷವನ್ನು ಇಸವಿಗೆ ಬದಲಿಸುವಾಗ. 78 ಕೂಡಿಸಿದರೆ ಮುಗಿಯಿತು ಅನ್ನುತ್ತಾರೆ. ಆದರೆ ಶಾಸನದ ತಿಥಿ ಮಾಘದಲ್ಲೋ ಫಾಲ್ಗುಣದಲ್ಲೋ ಇದ್ದರೆ ಅಷ್ಟರಲ್ಲಿ ಜನವರಿ ದಾಟಿರುತ್ತದೆ, 79 ಕೂಡಿಸಬೇಕು. ಸಂವತ್ಸರದ ಹೆಸರಿದ್ದರೆ ತಾಳೆ ನೋಡು. ಶಕ 1258 ಧಾತು ಸಂವತ್ಸರ, ಅಂದರೆ ಇಸವಿ 1336. ಧಾತು ಮತ್ತೆ ಬರಲು 60 ವರ್ಷ ಬೇಕು. ಹೆಸರಿಗೂ ಅಂಕಿಗೂ ಒಂದೇ ವರ್ಷದ ಅಂತರವಿದ್ದರೆ, ಕೆತ್ತಿಸಿದವರು ಮುಗಿದ ವರ್ಷಗಳನ್ನಷ್ಟೇ ಎಣಿಸುವ ಬದಲು ನಡೆಯುತ್ತಿರುವ ವರ್ಷವನ್ನೂ ಎಣಿಸಿರಬಹುದು. ಅದಕ್ಕಿಂತ ಹೆಚ್ಚಾದರೆ ಓದಿದವರ ಕಣ್ಣು ತಪ್ಪಿರಬಹುದು.

ನಿನ್ನ ಹೆದರಿಕೆ ಸುಳ್ಳಲ್ಲ ಮಾರಾಯ್ತಿ, ಆದರೆ ಹೆದರಬೇಕಾದ ಜಾಗ ಬೇರೆ. ಇಸವಿಗಿಂತ ಊರು ತಪ್ಪುವುದು ದೊಡ್ಡದು. ಪೋರ್ಚುಗೀಸರ ಬಕನೋರ್ ನಮ್ಮ ಬಾರಕೂರು, ಬಾರ್ಸೆಲೋರ್ ಬಸ್ರೂರು. ಹದಿನಾಲ್ಕನೇ ಶತಮಾನದ ಪ್ರವಾಸಿ ಇಬ್ನ್ ಬತೂತನ ಫಾಕನೂರ್ ಕೂಡ ಬಾರಕೂರೇ. 1665ರಲ್ಲಿ ಶಿವಾಜಿ ದಾಳಿ ಮಾಡಿದ್ದು ಬಸ್ರೂರಿಗೆ. ಅದನ್ನು ಬಾರಕೂರಿನ ಲೆಕ್ಕಕ್ಕೆ ಬರೆದರೆ ಊರವರು ಬಿಡಲಿಕ್ಕಿಲ್ಲ, ಬಿಡಲೂ ಬಾರದು.

ಇನ್ನು ಕೆಲವಕ್ಕೆ ಇಸವಿಯೇ ಇಲ್ಲ, ಬಾರಕೂರಿನ ಬಂದರು ಅಳಿದದ್ದೂ ಹಾಗೆ. ಸೀತಾ ನದಿ ಬಾರಕೂರು ದಾಟಿ, ಹಂಗಾರಕಟ್ಟೆಯ ಹತ್ತಿರ ಸ್ವರ್ಣಾ ನದಿಯ ಜೊತೆ ಕೂಡಿ, ಕೋಡಿಬೆಂಗ್ರೆಯಲ್ಲಿ ಕಡಲಿಗಿಳಿಯುತ್ತದೆ. ಮಳೆಗಾಲದಲ್ಲಿ ಘಟ್ಟದ ಹೊಳೆ ಹೂಳು ತರುತ್ತದೆ, ತೆರೆ ಮರಳನ್ನು ಒಳಗೆ ದೂಡುತ್ತದೆ, ನಡುವೆ ಅಳಿವೆ, ಅಂದರೆ ಹೊಳೆ ಕಡಲು ಸೇರುವ ಬಾಯಿ, ಆಳ ಕಳೆದುಕೊಳ್ಳುತ್ತದೆ, ಜಾಗವನ್ನೂ ಬದಲಿಸುತ್ತದೆ. ಸಣ್ಣ ದೋಣಿ ಕಡಲ ಭರತ (ಉಬ್ಬರ) ನೋಡಿ ಒಳಗೆ ಬಂದೀತು. ದೊಡ್ಡ ಹಡಗು ಹೊರಗೇ ನಿಲ್ಲಬೇಕು. ಹಾಗಾಗಿ ಬಂದರು ಇಂಥ ವರ್ಷ ಸತ್ತಿತು ಅಂತ ಬರೆಯಬೇಡ. ತಲೆಮಾರುಗಳ ಕೆಲಸ ಅದು. ತುಳುನಾಡನ್ನು ಆಳಿದ ಅಳುಪರ ರಾಜಧಾನಿ, ವಿಜಯನಗರದ ಬಾರಕೂರು ರಾಜ್ಯ ಎಲ್ಲ ಈ ಹೊಳೆಯ ಬಾಯಿ ನಂಬಿಯೇ ಬೆಳೆದದ್ದು, ಹೊಳೆಯಿಂದಲೇ ಶುರು ಮಾಡಿದರೆ ಒಳ್ಳೆಯದಿತ್ತೇನೋ. ನಿನಗೆ ಬೇರೆ ಅನ್ನಿಸಿದರೆ ಬಿಡು.

ಅಳಿಯಸಂತಾನ ಕಟ್ಟು ತಂದನೆನ್ನುವ ಅರಸ ಭೂತಾಳ ಪಾಂಡ್ಯನ ಕಥೆ ಬಿಡಬೇಡ. "ಊರಲ್ಲಿ ಹೀಗೆ ಹೇಳುತ್ತಾರೆ" ಅಂತ ಸೇರಿಸು, ಇಸವಿ ಮಾತ್ರ ಅಂಟಿಸಬೇಡ.

ತಪ್ಪೀತು ಅಂತ ಹೆದರಿ ನಾನೂ ಏನೂ ಬರೆಯಲಿಲ್ಲ. ಹಂಗಾರಕಟ್ಟೆಯಲ್ಲಿ ದೋಣಿ ಕಟ್ಟುತ್ತಿದ್ದ ಹಿರಿಯರನ್ನು ಅಳಿವೆ ಎಲ್ಲೆಲ್ಲಿತ್ತು ಅಂತ ಕೇಳಬಹುದಿತ್ತು. ಕೇಳಲಿಲ್ಲ. ಈಗ ಕೇಳೋಣವೆಂದರೆ ಯಾರಿದ್ದಾರೆ?

ಅನುಮಾನವಿದ್ದ ಕಡೆ "ಸುಮಾರು" ಹಾಕು, ನಾಚಿಕೆಯೇನಿಲ್ಲ. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತ್ಯಕ್ಕೆ ಹೋದದ್ದು, 1997ರಲ್ಲಿ ಉಡುಪಿ ಜಿಲ್ಲೆಯಾದದ್ದು, ಇಂಥವಕ್ಕೆ ಅದು ಬೇಡ.

ಶಾಸನದ ಕಲ್ಲು ನೋಡಲು ಹೋಗುವುದಾದರೆ ಬೆಳಿಗ್ಗೆಯೋ ಸಂಜೆಯೋ ಹೋಗು. ಓರೆ ಬಿಸಿಲಿಗೆ ಅಕ್ಷರ ಎದ್ದು ಕಾಣುತ್ತದೆ, ನಡುಹಗಲಲ್ಲಿ ಒಂದೂ ಕಾಣದು. ನೆರಳಲ್ಲಿದ್ದರೆ ಬದಿಯಿಂದ ಟಾರ್ಚ್ ಹಿಡಿ. ಸುಣ್ಣ ಬಳಿದಿದ್ದರೆ ಉಜ್ಜಬೇಡ. ಸುಣ್ಣದ ಜೊತೆ ಅಕ್ಷರದ ಅಂಚೂ ಹೋಗುತ್ತದೆ.

ನಿನ್ನ ದೊಡ್ಡಪ್ಪ
ಉಡುಪಿ